ಸೋದರಮಾವನ ಬಲತೊಡೆ

ರಂಗಂಪೇಟೆಯ ಮರಿಲಿಂಗನ ಮನೆಯಲ್ಲಿ ಯಾವ ಡಬ್ಬಿಯ ತಳವನ್ನೂ ಯಾರೂ ಕಂಡವರಿಲ್ಲ. ಹಾಗಂತ ಅದು ಸಿರಿವಂತರ ಮನೆ ಅಂದುಕೊಳ್ಳಬೇಡಿ. ಅವನ ಹೆಂಡತಿ ಅಯ್ಯಮ್ಮ ಯಾವುದನ್ನೂ ಪೂರಾ ಖಾಲಿ ಮಾಡಲು ಬಿಡುತ್ತಿರಲಿಲ್ಲ, ಅಷ್ಟೇ. ಜೋಳದ ಗಡಿಗೆಯಲ್ಲಿ ಕೊನೆಯ ಹಿಡಿ ಜೋಳ ಉಳಿಯಬೇಕು. ಉಪ್ಪಿನ ಭರಣಿಯಲ್ಲಿ ಕೊನೆಯ ಚಿಟಿಕೆ ಉಪ್ಪು ಉಳಿಯಬೇಕು. ಬರಿದು ಮಾಡಿದರೆ ಲಕ್ಷ್ಮಿ ಮುನಿಸಿಕೊಂಡು ಎದ್ದು ಹೋಗುತ್ತಾಳೆ. ಈ ಕಾನೂನು ಆ ಸೀಮೆಯ ಎಲ್ಲ ಮನೆಗಳಲ್ಲೂ ಇದೆ, ಆದರೆ ಬೇರೆಯವರ ಮನೆಯಲ್ಲಿ ಅದು ಜೋಳಕ್ಕೂ ಉಪ್ಪಿಗೂ ಬಂದು ನಿಂತಿದೆ. ಅಯ್ಯಮ್ಮನ ರಾಜ್ಯದಲ್ಲಿ ಅದು ಹಲ್ಲುಜ್ಜುವ ಪೇಸ್ಟಿಗೆ, ಬಟ್ಟೆ ಸೋಪಿಗೆ, ಬೆಂಕಿಪೊಟ್ಟಣಕ್ಕೆ ಹಬ್ಬಿ, ಕಡೆಗೆ ದವಾಖಾನೆಯ ಗುಳಿಗೆಗೂ ಬಂದು ಮುಟ್ಟಿತ್ತು.

ಆ ಮನೆಯಲ್ಲಿ ಯಾರಿಗೆ ಯಾವ ಬೇನೆ ಬಂದರೂ ಗುಳಿಗೆಯ ಹಾಳೆ ಪೂರ್ತಿ ಮುಗಿಯುತ್ತಿರಲಿಲ್ಲ. ಮೈ ಹಗುರಾದ ಕೂಡಲೇ ಉಳಿದದ್ದು ಗೋಡೆಯ ಗೂಡಿನಲ್ಲಿದ್ದ ಬಿಸ್ಕಿಟ್ ಡಬ್ಬಿಗೆ ಬೀಳುತ್ತಿತ್ತು. ಕೆಂಪು, ಹಳದಿ, ಬಿಳಿ, ಅರ್ಧ ಕೆಂಪು ಅರ್ಧ ಕರಿ. ಯಾವುದು ಯಾವುದಕ್ಕೆ ಎಂದು ಗುಳಿಗೆ ಮಾಡಿದವನೇ ಬಂದರೂ ಹೇಳಲಾರ. ಮರಿಲಿಂಗ ಮಾತ್ರ ಹೇಳುತ್ತಿದ್ದ.

ಏಕೆಂದರೆ ಮರಿಲಿಂಗ ಔಷಧದ ಮನುಷ್ಯ. ಸುರಪುರದ ಎಣ್ಣಿ ಅಂಗಡಿಯಲ್ಲಿ ಅವನಿಗೆ ಕೆಲಸ. ಅಲ್ಲಿಯ ರೈತರು ಹತ್ತಿಯ ಹುಳಕ್ಕೆ ಹೊಡೆಯುವ ಕೀಟನಾಶಕವನ್ನು ಎಣ್ಣಿ ಎಂದೇ ಕರೆಯುತ್ತಾರೆ. ಅಂಗಡಿಯ ಮಾಲೀಕ ಕುರ್ಚಿಯ ಮೇಲೆ ಕೂರುತ್ತಿದ್ದ, ಮರಿಲಿಂಗ ರೈತರ ತಲೆಯ ಮೇಲೆ ಕೂರುತ್ತಿದ್ದ. ಯಾವ ಹುಳಕ್ಕೆ ಯಾವ ಎಣ್ಣೆ, ಎಷ್ಟು ನೀರು, ಯಾವಾಗ ಹೊಡೆಯಬೇಕು ಎಂದು ಅವನು ಬಾಯಿ ಬಿಟ್ಟರೆ ಎದುರು ನಿಂತವನು ತನ್ನ ಹೊಲ ತನ್ನದೋ ಇವನದೋ ಎಂದು ಅನುಮಾನಪಡಬೇಕು. ಹುಳ ಕೊಲ್ಲುವ ವಿದ್ಯೆ ಗೊತ್ತಿದ್ದವನಿಗೆ ಮೈಯ ಬೇನೆ ಯಾವ ಲೆಕ್ಕ ಎಂಬುದು ಅವನ ಅಭಿಪ್ರಾಯ. ಈ ದೇಶದಲ್ಲಿ ಅಭಿಪ್ರಾಯಕ್ಕೆ ಲೈಸೆನ್ಸು ಬೇಕಾಗಿಲ್ಲ.

ಇಂಥ ಮರಿಲಿಂಗನ ಬಲತೊಡೆಗೆ ಆ ವರ್ಷ ಒಂದು ದೊಡ್ಡ ಹುದ್ದೆ ಸಿಕ್ಕಿತು.

ಶಹಾಪುರಕ್ಕೆ ಕೊಟ್ಟಿದ್ದ ತಂಗಿ ಶಿವಲೀಲಾಳಿಗೆ ಹರಕೆ ಹೊತ್ತು ಹೊತ್ತು ಸಾಕಾದ ಮೇಲೆ ಗಂಡು ಕೂಸು ಹುಟ್ಟಿತ್ತು. ಈಗ ಅದಕ್ಕೆ ಜವಳ, ಅಂದರೆ ಮೊದಲ ಕೂದಲು ತೆಗೆಸುವ ಕಾರ್ಯ. ಜವಳದಲ್ಲಿ ಕೂಸು ಸೋದರಮಾವನ ಬಲತೊಡೆಯ ಮೇಲೆಯೇ ಕೂರಬೇಕು. ಅಪ್ಪನ ತೊಡೆ ನಡೆಯುವುದಿಲ್ಲ, ಅಜ್ಜನ ತೊಡೆ ನಡೆಯುವುದಿಲ್ಲ. ಇಲ್ಲಿ ಸೋದರಮಾವಂದಿರು ಇಬ್ಬರು. ಹಿರಿಯ ಮರಿಲಿಂಗ, ಕಿರಿಯ ಮೌನೇಶ. ಮೌನೇಶ ಸುರಪುರ ಶಹಾಪುರದ ನಡುವೆ ಟಂಟಂ ಎಂಬ ಮೂರು ಗಾಲಿಯ ಗಾಡಿ ಓಡಿಸುತ್ತಿದ್ದ. ಹೆಸರು ಮೌನೇಶ, ಆದರೆ ಅವನ ಬಾಯಿಗೂ ಅವನ ಟಂಟಂನ ಹಾರ್ನಿಗೂ ಬ್ರೇಕು ಇರಲಿಲ್ಲ. ತಂಗಿಗೆ ಹೆರಿಗೆ ನೋವು ಬಂದಾಗ ಟಂಟಂನಲ್ಲಿ ದವಾಖಾನೆಗೆ ಒಯ್ದವನು ತಾನು, ಆದ್ದರಿಂದ ತೊಡೆಯ ಹಕ್ಕು ತನ್ನದು ಎಂಬುದು ಅವನ ವಾದ.

ವಾದ ಶಿವಲೀಲಾಳ ಅತ್ತೆಯ ತನಕ ಹೋಯಿತು. ಮುದುಕಿ ಫೋನಿನಲ್ಲೇ ತೀರ್ಪು ಕೊಟ್ಟಳು.

"ಹಿರಿಯಾಂವ ಇರಾಗ ಕಿರಿಯಾಂವನ ತೊಡಿ ಯಾಕ? ಮರಿಲಿಂಗಪ್ಪನ ತೊಡಿನೇ ಆಗ್ಲಿ. ಆದ್ರ ತೊಡಿ ಗಟ್ಟಿ ಇಟ್ಕೋ ಅಂತ ಹೇಳ್ರಿ. ನಮ್ಮ ಮೊಮ್ಮಗ ಭಾರ ಅದಾನ."

ಭಾರ ಅಂದರೆ ಅಂತಿಂಥ ಭಾರವಲ್ಲ. ಆ ಕೂಸು ಕೂಸಾಗಿರಲಿಲ್ಲ, ಅರ್ಧ ಚೀಲ ಯೂರಿಯಾ ಆಗಿತ್ತು.

"ಅಣ್ಣಗ ಏನರ ತಕಲೀಫ್ ಆದ್ರ ಚಿಂತಿ ಮಾಡಬ್ಯಾಡ್ರಿ ಅತ್ತಿ," ಎಂದು ಮೌನೇಶ ಫೋನಿನೊಳಕ್ಕೆ ಬಾಯಿ ತೂರಿಸಿದ. "ನಂದೂ ತೊಡಿ ಐತಿ."

"ನಿನ್ನ ತೊಡಿ ಟಂಟಂ ಸೀಟಿಗಿ ಅಂಟಿಸಿಕೊಂಡು ಕೂಡು," ಎಂದ ಮರಿಲಿಂಗ.

ಅಂದಿನಿಂದ ಮರಿಲಿಂಗ ಅಂಗಡಿಯಲ್ಲಿ ಬಲತೊಡೆಯನ್ನು ಮುಂದೆ ಮಾಡಿಯೇ ಕೂರತೊಡಗಿದ. ರೈತರು ಎಣ್ಣೆ ಕೇಳಲು ಬಂದರೆ ಇವನು ತೊಡೆಯ ಮಹಿಮೆ ಹೇಳಿ ಕಳಿಸುತ್ತಿದ್ದ. ದೇವರಿಗೆ ಇಂಥ ಡೌಲು ಕಂಡರೆ ಆಗುವುದಿಲ್ಲವೋ ಏನೋ. ಒಂದು ದಿನ ಗೊಬ್ಬರದ ಚೀಲ ಸರಿಸುವಾಗ ಅದರ ಬಾಯಿ ಕಟ್ಟಿದ ತಂತಿ ಚುಚ್ಚಿ ತೊಡೆಯ ಮೇಲೆ ಸಣ್ಣ ಗೀರು ಬಿತ್ತು. ಅದು ಕೆಂಪಾಯಿತು, ಊದಿತು, ಹೊತ್ತು ಹೋದಂತೆ ನಿಂಬೆಹಣ್ಣಿನಷ್ಟು ಕುರುವಾಗಿ ಕೂತಿತು. ಎಡತೊಡೆ ಖಾಲಿ ಬಿದ್ದಿತ್ತು. ಅದಕ್ಕೆ ಬಲತೊಡೆಯೇ ಬೇಕಾಗಿತ್ತು.

ಮರಿಲಿಂಗ ಯಾರಿಗೂ ಹೇಳದೆ ಸರ್ಕಾರಿ ದವಾಖಾನೆಗೆ ಹೋದ. ಅಲ್ಲಿಯ ಡಾಕ್ಟರ್ ಅರ್ಜುಮಂದ್ ಮಾತು ಕಮ್ಮಿ, ಕಣ್ಣು ಜಾಸ್ತಿ ಇದ್ದ ಹೆಣ್ಣುಮಗಳು. ಕುರು ನೋಡಿ ಗುಳಿಗೆ ಬರೆದರು.

"ಇದು ಆ್ಯಂಟಿಬಯೋಟಿಕ್. ಐದು ದಿನದ ಕೋರ್ಸ್ ಅದ. ಕಮ್ಮಿ ಆತು ಅಂತ ನಡುವ ಬಿಡಬಾರದು. ಬಿಸಿನೀರಿನ ಅರಿವಿ ಇಟ್ಟು ಕಾವು ಕೊಡ್ರಿ. ಇಳೀಲಿಲ್ಲ ಅಂದ್ರ ಬರ್ರಿ, ಕೊಯ್ದು ಕೀವು ತೆಗಿಯೋಣ. ತಿಳೀತಾ?"

ಮರಿಲಿಂಗ ತಲೆ ಅಲ್ಲಾಡಿಸಿದ. ಡಾಕ್ಟರ ಮುಂದೆ ತಲೆ ಅಲ್ಲಾಡಿಸುವುದು, ಬಸ್ಸಿನ ಬಾಗಿಲಲ್ಲಿ ಜೋತು ನಿಂತವನು ಕಂಡಕ್ಟರಿಗೆ ಒಳಗ ಹೋಗ್ತೀನ್ರಿ ಅಂದ ಹಾಗೆ. ಯಾರೂ ಒಳಗೆ ಹೋಗುವುದಿಲ್ಲ.

ಗುಳಿಗೆ ಬೇಷಾಗಿ ಕೆಲಸ ಮಾಡಿತು. ಎರಡನೆಯ ದಿನಕ್ಕೆ ನೋವು ಹೋಯಿತು, ಊತ ಇಳಿಯಿತು. ಮರಿಲಿಂಗ ಮತ್ತೊಂದು ಗುಳಿಗೆ ಬಿಚ್ಚಲು ಕೈ ಹಾಕಿದಾಗ ಅಯ್ಯಮ್ಮ ಒಲೆಯ ಮುಂದಿನಿಂದಲೇ ಕೂಗಿದಳು.

"ರೀ, ಕಮ್ಮಿ ಆಗೇತಿ ಹೌದಲ್ಲೋ?"

"ಆಗೇತಿ."

"ಮತ್ತ ಯಾಕ ಬಿಚ್ಚಾಕತ್ತೀರಿ? ತಂಗಿ ಮನ್ಯಾಗ ಕೂಸಿನ ಕಾರ್ಯ ಐತಿ. ಇಂಥಾ ಟೈಮಿನ್ಯಾಗ ಮನ್ಯಾಗ ಏನೂ ಬರಿದಾಗಬಾರದು. ಇಡ್ರಿ ಡಬ್ಬ್ಯಾಗ."

"ಡಾಕ್ಟರು ಪೂರಾ ನುಂಗು ಅಂದಾರ."

"ಅವ್ರೇನು ನಮ್ಮ ಮನಿ ನಡಸ್ತಾರೇನು?"

ಮರಿಲಿಂಗ ಅಯ್ಯಮ್ಮನಿಗೆ ಎದುರಾಡುವ ಗಂಡಸಲ್ಲ. ಉಳಿದ ಗುಳಿಗೆಗಳು ಡಬ್ಬಿ ಸೇರಿದವು.

ತೊಡೆ ಹಗುರಾದ ಮನುಷ್ಯನಿಗೆ ಕೈಯೂ ಹಗುರಾಯಿತು. ಪಕ್ಕದ ಮನೆಯ ಭಾಗಮ್ಮ ಮೂಗು ಒರೆಸಿಕೊಳ್ಳುತ್ತ ಬಂದು ಕಟ್ಟೆಯ ಮೇಲೆ ಕೂತಾಗ ಅವನು ಡಬ್ಬಿ ತೆಗೆದ.

"ಆಯಿ, ಇದ ತಗೋ. ನನ್ನ ತೊಡ್ಯಾಗಿನ ಬೆಂಕೀನ ಆರಸೈತಿ. ನಿನ್ನ ಮೂಗು ಯಾವ ಗಿಡದ ತಪ್ಪಲು?"

ಭಾಗಮ್ಮ ನುಂಗಿದಳು. ಶೀತ ತನ್ನ ಪಾಡಿಗೆ ತಾನು ಬಂದಿತ್ತು, ತನ್ನ ಪಾಡಿಗೆ ತಾನು ಹೋಯಿತು. ಹೆಸರು ಮರಿಲಿಂಗನಿಗೆ ಬಂತು. ಮುದುಕಿ ಖುಷಿಗೆ ಇನ್ನೊಂದು ಗುಳಿಗೆ ಇಸಿದುಕೊಂಡು ಹೋಗಿ ಮಂಕಾಗಿ ಕೂತಿದ್ದ ತನ್ನ ಕೋಳಿಗೆ ತಿನ್ನಿಸಿದಳು. ಮರುದಿನ ಕೋಳಿ ಎದ್ದು ಅಂಗಳದಲ್ಲಿ ಓಡಾಡಿತು. ಅಷ್ಟೇ ಸಾಕಾಯಿತು. ಬೆನ್ನುನೋವಿನವರು, ಹಲ್ಲುನೋವಿನವರು, ಬಿಕ್ಕಳಿಕೆಯವರು, ಊಟ ಸೇರದವರು, ಊಟ ಹೆಚ್ಚು ಸೇರಿದವರು ಎಲ್ಲ ಬಂದರು. ಓಣಿಯ ಹೈಸ್ಕೂಲು ಮಾಸ್ತರರೂ ಬಂದರು. ಮಕ್ಕಳಿಗೆ ವಿಜ್ಞಾನ ಹೇಳುವ ಮನುಷ್ಯ, ಕೋಳಿಯ ಸಾಕ್ಷಿ ನಂಬಿ ಕೈ ಒಡ್ಡಿ ನಿಂತರು. ಓದು ಅರ್ಧಕ್ಕೆ ಬಿಟ್ಟವರನ್ನು ಕಂಡರೆ ಇದೇ ಮಾಸ್ತರರು ಮೂಗು ಮುರಿಯುತ್ತಾರೆ.

ಅದೇ ವಾರ ಅಂಗಡಿಗೆ ಸುಲ್ತಾನಸಾಬ ಬಂದ. ವಯಸ್ಸಾದ ರೈತ, ಕಾಲುವೆಯ ಆಚೆ ಹತ್ತಿ ಹಾಕಿದ್ದ. ಹುಳ ಬಿದ್ದಿತ್ತು, ಎಣ್ಣೆ ಹೊಡೆದಿದ್ದ, ಹುಳ ಮತ್ತೆ ಬಂದಿತ್ತು.

"ಕಾಕಾ, ಪೂರಾ ಡೋಸ್ ಹೊಡದಿಯೇನು?" ಎಂದು ಮರಿಲಿಂಗ ಪೊಲೀಸರಂತೆ ಕೇಳಿದ.

"ಜರಾ ನೀರು ಜಾಸ್ತಿ ಹಾಕಿ ಹೊಡದೆ ಬೇಟಾ. ಹುಳ ಕಮ್ಮಿ ಕಂಡ್ವು. ಉಳದ ಎಣ್ಣಿ ಮುಂದಕ್ಕ ಆಗ್ಲಿ ಅಂತ ಇಟ್ಟೆ."

ಮರಿಲಿಂಗ ಎದ್ದೇ ನಿಂತ. "ಇಟ್ಟಿಯೇನು! ಎಪ್ಪಾ, ನಿನಗ ಕೈ ಮುಗಿತೀನಿ. ಅರ್ಧ ಡೋಸಿಗಿ ಸಾಯಾವು ಯಾವು? ಬಡಕಲು ಹುಳ. ಉಳಿಯಾವು ಯಾವು? ಗಟ್ಟಿ ಇದ್ದಾವು. ಅವಕ್ಕ ಮಕ್ಕಳಾದ್ರ ಅವೂ ಗಟ್ಟಿ. ಮುಂದ ನೀ ಎಣ್ಣಿ ಡಬ್ಬೀನ ತಲಿಮ್ಯಾಲ ಸುರುವಿದ್ರೂ ಸ್ನಾನ ಮಾಡಿ ಎದ್ದು ಬರ್ತಾವ. ಹುಳಕ್ಕ ತಾಲೀಮು ಕೊಟ್ಟು ಪೈಲ್ವಾನ ಮಾಡಿದಿ ನೋಡು ಕಾಕಾ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಸುಲ್ತಾನಸಾಬ ತಲೆ ತಗ್ಗಿಸಿ ಹೋದ. ಮರಿಲಿಂಗ ಗೆದ್ದ ಖುಷಿಗೆ ಬಲತೊಡೆಯನ್ನು ಪಟ್ಟನೆ ತಟ್ಟಿಕೊಂಡ.

ತಟ್ಟಿದ ಕೈ ಅಲ್ಲೇ ನಿಂತಿತು. ಬಾಯಿ ತೆರೆದದ್ದು ತೆರೆದೇ ಇತ್ತು. ಕುರು ಮರಳಿ ಬಂದಿತ್ತು.

ಈ ಸಲ ಅದು ನಿಂಬೆಹಣ್ಣಾಗಿ ಬರಲಿಲ್ಲ, ಪೇರಲೆಹಣ್ಣಾಗಿ ಬಂತು. ಮರಿಲಿಂಗ ಮನೆಗೆ ಬಂದು ಡಬ್ಬಿಯಲ್ಲಿ ಕೈಯಾಡಿಸಿದ. ತನ್ನ ಗುಳಿಗೆ ಊರ ತುಂಬ ಹಂಚಿಹೋಗಿತ್ತು, ಕೊನೆಯದೊಂದನ್ನು ಮಾತ್ರ ಅಯ್ಯಮ್ಮ ಶಾಸ್ತ್ರಕ್ಕೆ ಉಳಿಸಿದ್ದಳು. ಅದನ್ನು ನುಂಗಲು ಅವಳು ಬಿಡಲಿಲ್ಲ. ಕೆಂಪು ಗುಳಿಗೆ ನುಂಗಿದ, ಹಳದಿ ನುಂಗಿದ. ಕುರು ಅವನ್ನೆಲ್ಲ ಪಾನಕ ಕುಡಿದಂತೆ ಕುಡಿದು ದೊಡ್ಡದಾಯಿತು. ಜವಳ ಹತ್ತಿರ ಬರುತ್ತಿತ್ತು. ಮರಿಲಿಂಗ ಕಾಲು ಅಗಲಿಸಿಕೊಂಡು, ನಡುವೆ ಒಂದು ಕಾಣದ ಕೊಡ ಹಿಡಿದವನಂತೆ ನಡೆಯತೊಡಗಿದ.

ಊರಿನ ಜನಕ್ಕೆ ಇನ್ನೊಬ್ಬರ ಹುಣ್ಣು ಎಂದರೆ ಪಂಚಾಯಿತಿ ಎಲೆಕ್ಷನ್ ಇದ್ದ ಹಾಗೆ, ಎಲ್ಲರಿಗೂ ಒಂದೊಂದು ವೋಟು. ಒಬ್ಬ ಅರಿಶಿನ ಅಂದ, ಒಬ್ಬ ಬೇವು ಅಂದ, ಮಾಸ್ತರರು ಎರಡನ್ನೂ ಬೆರೆಸು ಅಂದರು. ಭಾಗಮ್ಮ ಮಾತ್ರ ನಿಷ್ಠೆ ಬಿಡಲಿಲ್ಲ.

"ನಿನ್ನ ಗುಳಿಗಿನೇ ನುಂಗಲ್ಲೋ ಎಪ್ಪಾ. ನನ್ನ ಕೋಳಿ ಎದ್ದೈತಿ, ನೀ ಏಳಂಗಿಲ್ಲೇನು?"

ಸುದ್ದಿ ಟಂಟಂ ಹತ್ತಿ ಮೌನೇಶನ ಕಿವಿಗೆ ಬಿತ್ತು. ಅವನು ಬಾಳೆಹಣ್ಣು ಹಿಡಿದುಕೊಂಡು ಬಂದ. ಹಲ್ಲು ಎಷ್ಟಿವೆಯೋ ಅಷ್ಟೂ ಕಾಣುತ್ತಿದ್ದವು.

"ಅಣ್ಣ, ಆರಾಮ ಅದೀ?"

"ಜಬರದಸ್ತ್ ಅದೀನಿ."

"ಮತ್ತ ಕುಂಟಾಕತ್ತೀಯಂತ?"

"ಯಾವ ಮಗ ಹೇಳಿದ? ಚಪ್ಪಲಿ ಹರದೈತಿ, ಅದಕ್ಕ."

ಮೌನೇಶ ತಮ್ಮನ ಪ್ರೀತಿಯಿಂದ ಹತ್ತಿರ ಬಂದು ಕೂತ. ಮಾತಾಡುತ್ತ ಮಾತಾಡುತ್ತ ಕೈ ಎತ್ತಿ, ಅಣ್ಣನ ಬಲತೊಡೆಯ ಮೇಲೆ ಧಪ್ಪನೆ ಹಾಕಿದ.

"ಈ ತೊಡಿ ಮ್ಯಾಲೇ ಅಲ್ಲನು ನಮ್ಮ ಅಳಿಯ ಕೂಡಾಂವ!"

ಮರಿಲಿಂಗನಿಗೆ ಹಗಲಲ್ಲೇ ಚುಕ್ಕಿ ಕಂಡವು. ಆದರೆ ತುಟಿ ಬಿಚ್ಚಲಿಲ್ಲ. ಕಣ್ಣಿನಿಂದ ಮಾತ್ರ ನೀರು ದಳದಳ ಇಳಿಯಿತು.

"ಯಾಕಣ್ಣ, ಅಳಾಕತ್ತಿ?"

"ಸಂತೋಷಕ್ಕೋ," ಎಂದ ಮರಿಲಿಂಗ ಹಲ್ಲು ಕಚ್ಚಿ. "ತಂಗಿ ಮಗನ ನೆನಸಿದ್ರ ಸಂತೋಷ ತಡಕೊಳ್ಳಾಕಾಗವಲ್ದು."

"ಹಂಗಾರ ಇನ್ನೊಮ್ಮಿ ನೆನಸು," ಎಂದು ಮೌನೇಶ ಮತ್ತೆ ಕೈ ಎತ್ತಿದ.

ಅಯ್ಯಮ್ಮ ಅಡುಗೆಮನೆಯಿಂದ ಲಟ್ಟಣಿಗೆ ಸಮೇತ ಬಂದಳು. ಮೌನೇಶ ಎದ್ದ. ಆದರೆ ಹೋಗುವಾಗ ಹೊಸ ಧೋತರ ಕೊಳ್ಳಲು ಬಟ್ಟೆ ಅಂಗಡಿ ಎಷ್ಟೊತ್ತಿನ ತನಕ ತೆರೆದಿರುತ್ತದೆ ಎಂದು ವಿಚಾರಿಸಿ ಹೋದ.

ಅವನು ಹೋದ ಮೇಲೆ ಮರಿಲಿಂಗನಿಗೆ ಜ್ವರ ಬಂತು. ತೊಡೆ ಹೋದರೆ ಹೋಗಲಿ, ಗಂಡ ಉಳಿಯಬೇಕಲ್ಲ ಎಂದು ಅಯ್ಯಮ್ಮ ಅವನನ್ನು ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಹೊರಟಳು. ಡಾಕ್ಟರಿಗೆ ಉಪಯೋಗಕ್ಕೆ ಬಂದರೆ ಬರಲಿ ಎಂದು ಡಬ್ಬಿಯನ್ನೂ ಕಂಕುಳಲ್ಲಿ ಇಟ್ಟುಕೊಂಡಳು. ಸರದಿಯಲ್ಲಿ ಸುಲ್ತಾನಸಾಬ ಕೂತಿದ್ದ, ಹೆಂಡತಿಯ ಬಿಪಿ ಗುಳಿಗೆ ಒಯ್ಯಲು ಬಂದಿದ್ದ. ಮರಿಲಿಂಗನ ನಡಿಗೆ ನೋಡಿ ಕರುಣೆಯಿಂದ ಎದ್ದು, ಹೆಗಲು ಕೊಟ್ಟು, ಡಾಕ್ಟರ ಕೋಣೆಯ ಬಾಗಿಲ ತನಕ ಕರೆತಂದ. ಅಲ್ಲೇ ನಿಂತ.

ಡಾಕ್ಟರ್ ಅರ್ಜುಮಂದ್ ತೊಡೆ ನೋಡಿದರು. ಆಮೇಲೆ ಮುಖ ನೋಡಿದರು.

"ಗುಳಿಗಿ ಪೂರಾ ನುಂಗೀರಿ?"

ಮರಿಲಿಂಗ ಛಾವಣಿ ನೋಡಿದ. ಉತ್ತರವನ್ನು ಅಯ್ಯಮ್ಮ ಕೊಟ್ಟಳು. ಹೆಮ್ಮೆಯಿಂದ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಳು.

"ನಾವು ಯಾವುದನ್ನೂ ಹಾಳು ಮಾಡಂಗಿಲ್ರೀ ಮೇಡಂ. ಎಲ್ಲಾ ಉಳಿಸಿ ಇಟ್ಟೀವಿ. ಓಣಿ ಮಂದೀಗೂ ಕೊಟ್ಟೀವಿ."

"ಯಾರಿಗಿ ಕೊಟ್ಟೀರಿ?"

"ಭಾಗಮ್ಮಗ ಶೀತ ಆಗಿತ್ರಿ, ಅಕೀಗಿ. ಮಾಸ್ತರಗ ಬೆನ್ನು ಹಿಡದಿತ್ತು, ಅವ್ರಿಗಿ. ಕೋಳೀಗಿ."

"ಯಾರಿಗಿ?"

"ಕೋಳೀಗಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಮಾತು ಕಮ್ಮಿ ಇದ್ದವರು ಬಾಯಿ ಬಿಟ್ಟರೆ ಏನಾಗುತ್ತದೆ ಎಂದು ಅವತ್ತು ದವಾಖಾನೆಗೆಲ್ಲ ತಿಳಿಯಿತು.

"ಕೇಳ್ರಿ ಇಲ್ಲಿ. ನಿಮ್ಮ ಕುರುವಿನಾಗ ಇರಾವು ಬ್ಯಾಕ್ಟೀರಿಯಾ. ಕಣ್ಣಿಗಿ ಕಾಣದಂಥ ಜೀವ. ಒಂದೊಂದರ ಸುತ್ತಲೂ ಒಂದೊಂದು ಗ್ವಾಡಿ ಇರ್ತದ, ಮನಿಗಿ ಇದ್ದಂಗ. ನಾ ಕೊಟ್ಟ ಔಷಧ ಆ ಗ್ವಾಡಿ ಕಟ್ಟಾಕ ಬಿಡಂಗಿಲ್ಲ. ಗ್ವಾಡಿ ಇಲ್ಲ ಅಂದ್ರ ಒಡದು ಸಾಯ್ತಾವ. ನಿಮ್ಮ ಮೈಯಾಗಿನ ಜೀವಕೋಶಕ್ಕ ಆ ಗ್ವಾಡೀನೇ ಇಲ್ಲ. ಅದಕ್ಕೇ ಔಷಧ ಅವನ್ನ ಕೊಲ್ತದ, ನಿಮ್ಮನ್ನ ಬಿಡ್ತದ. ಇನ್ನ ಕೆಲವು ಔಷಧ ಗ್ವಾಡಿಗಿ ಹೋಗಂಗಿಲ್ಲ, ಬ್ಯಾಕ್ಟೀರಿಯಾ ಅಡಿಗಿ ಮಾಡೂ ಒಲೀನ ಆರಸ್ತಾವ. ಬ್ಯಾಕ್ಟೀರಿಯಾಕ್ಕ ತಕ್ಕ ಔಷಧ. ಬಣ್ಣಕ್ಕ ತಕ್ಕ ಔಷಧ ಅಲ್ಲ."

"ಮತ್ತ ಶೀತರೀ?" ಎಂದ ಮರಿಲಿಂಗ ಸಣ್ಣ ದನಿಯಲ್ಲಿ.

"ಶೀತ ಬರೂದು ವೈರಸ್‌ನಿಂದ. ಅದಕ್ಕ ಅಂಥಾ ಗ್ವಾಡಿನೂ ಇಲ್ಲ, ಸ್ವಂತ ಒಲಿನೂ ಇಲ್ಲ. ನಿಮ್ಮ ಮನೀಗಿ ಬಂದು, ನಿಮ್ಮ ಒಲಿ ಮ್ಯಾಲೇ ಅಡಿಗಿ ಮಾಡ್ಕೊಂಡು ಉಂಡು ಹೋಗ್ತದ. ಆ್ಯಂಟಿಬಯೋಟಿಕ್ ಅದಕ್ಕ ಏನು ಮಾಡೀತು?"

"ಬೀಗರ ಹಂಗ," ಎಂದಳು ಅಯ್ಯಮ್ಮ. ಅವಳಿಗೆ ವೈರಸ್ ಪೂರ್ತಿ ಅರ್ಥವಾಯಿತು.

"ಕೋಳಿ ಎದ್ದಿತ್ತಲ್ರೀ?" ಎಂದ ಮರಿಲಿಂಗ.

"ಕೋಳಿ ತನ್ನಷ್ಟಕ್ಕ ತಾನ ಎದ್ದೈತಿ! ಈಗ ನಿಮ್ಮ ತೊಡಿಗಿ ಬರ್ರಿ. ಗುಳಿಗಿ ನುಂಗಿದ್ರಿ, ಎರಡು ದಿನಕ್ಕ ಬಿಟ್ರಿ. ಆ ಎರಡು ದಿನದಾಗ ಸತ್ತಾವು ಯಾವು ಅಂತೀರಿ?"

ಬಾಗಿಲಿನಿಂದ ದನಿ ಬಂತು.

"ಬಡಕಲು ಇದ್ದಾವು, ಮೇಡಂ."

ಎಲ್ಲರೂ ತಿರುಗಿದರು. ಸುಲ್ತಾನಸಾಬ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ.

"ಬರೋಬ್ಬರಿ. ಉಳದಾವು?"

"ಗಟ್ಟಿ ಇದ್ದಾವು."

"ಅವಕ್ಕ ಮರಿ ಆದ್ರ?"

"ಅವೂ ಗಟ್ಟಿ. ಮುಂದ ಡಬ್ಬಿ ತಲಿಮ್ಯಾಲ ಸುರುವಿದ್ರೂ ಸ್ನಾನ ಮಾಡಿ ಎದ್ದು ಬರ್ತಾವ."

ಡಾಕ್ಟರಿಗೆ ಆಶ್ಚರ್ಯವಾಯಿತು. "ಚಾಚಾ, ಇಷ್ಟು ಚಂದಾಗಿ ನಿಮಗ ಯಾರು ಹೇಳಿದ್ರು?"

"ಇವ್ರೇ, ಈ ಪೈಲ್ವಾನ್ರೇ," ಎಂದು ಸುಲ್ತಾನಸಾಬ ಎರಡೂ ಕೈಯಿಂದ ಮರಿಲಿಂಗನನ್ನು ತೋರಿಸಿದ. "ಅಂಗಡ್ಯಾಗ ಮಂದಿ ಮುಂದ ನಿಂದ್ರಿಸಿ ಹೇಳ್ಯಾರ. ನನ್ನ ಹತ್ತಿ ಬಗ್ಗೆ. ತಮ್ಮ ತೊಡಿ ಬಗ್ಗೆ ಹೇಳಿರಲಿಲ್ಲ."

ದವಾಖಾನೆಯಲ್ಲಿ ಆಮೇಲೆ ಎದ್ದ ನಗೆಗೆ, ಹೊರಗೆ ಇಂಜೆಕ್ಷನ್ನಿಗೆ ಅಳುತ್ತಿದ್ದ ಮಕ್ಕಳು ಕೂಡ ಅಳು ನಿಲ್ಲಿಸಿದವು. ಮರಿಲಿಂಗನಿಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಸರ್ಕಾರಿ ದವಾಖಾನೆಯ ನೆಲ ಫರಸಿ ಕಲ್ಲಿನದು, ತೆರೆಯಲಿಲ್ಲ.

ಡಾಕ್ಟರು ಕುರು ಕೊಯ್ದು ಕೀವು ತೆಗೆದರು. ಆ ಕೂಗು ಸುರಪುರದ ಗುಡ್ಡಕ್ಕೆ ಬಡಿದು ಮರಳಿ ಬಂತು. ಯಾವ ಔಷಧಕ್ಕೆ ಇವು ಸಾಯುತ್ತವೆ ಎಂದು ನೋಡಲು ಒಂದಿಷ್ಟು ಕೀವನ್ನು ಯಾದಗಿರಿಯ ಲ್ಯಾಬಿಗೆ ಕಳಿಸಿದರು. ಮರಿಲಿಂಗ ದವಾಖಾನೆಯಲ್ಲೇ ಮಲಗಿದ್ದ, ಮೂರನೆಯ ದಿನ ಉತ್ತರ ಬಂತು. ಹಳೆಯ ಗುಳಿಗೆಗೆ ಅವು ಬಗ್ಗುವುದಿಲ್ಲ, ಬೇರೆ ಗುಳಿಗೆ ಬೇಕು.

"ಈ ಸಲ ಒಂದೂ ಉಳೀಬಾರದು," ಎಂದರು ಡಾಕ್ಟರು. "ಬಲತೊಡಿ ಮ್ಯಾಲ ಒಂದು ಹಿಡಿ ಹತ್ತಿನೂ ಇಡಬ್ಯಾಡ್ರಿ."

"ಮೇಡಂ, ಅರ್ಧ ಚೀಲ ಯೂರಿಯಾ ಕೂಡೂದೈತ್ರಿ."

"ಏನು?"

"ನನ್ನ ಅಳಿಯ."

"ಅಳಿಯ ಇರ್ಲಿ, ದೇವರ ಇರ್ಲಿ, ಕೂಡಂಗಿಲ್ಲ."

ಡಬ್ಬಿಯ ಗುಳಿಗೆಯನ್ನೆಲ್ಲ ಡಾಕ್ಟರು ಸುರುವಿಕೊಂಡರು. ಅಯ್ಯಮ್ಮ ಕೊನೆಯ ಶಾಸ್ತ್ರದ ಗುಳಿಗೆಯ ಮೇಲೆ ಕೈ ಇಟ್ಟಳು. "ಪೂರಾ ಖಾಲಿ ಮಾಡಬಾರದ್ರೀ ಮೇಡಂ, ಮನಿಗಿ ಒಳ್ಳೇದಲ್ಲ."

"ತಾಯಿ, ನೀವು ಉಳಿಸಿದ್ದು ಗುಳಿಗಿ ಅಲ್ಲ. ಬ್ಯಾಕ್ಟೀರಿಯಾದ ಬೀಜ. ಬಿತ್ತನಿಗಿ ಇಟ್ಕೊಂಡಂಗ ಇಟ್ಕೊಂಡಿದ್ರಿ."

ಅಯ್ಯಮ್ಮ ಬೆಚ್ಚಿಬಿದ್ದು ಕೈ ತೆಗೆದಳು. ಆದರೂ ಕಾನೂನು ಕಾನೂನೇ. ಮನೆಗೆ ಬಂದು ಒಂದು ರಾತ್ರಿ ಊಟ ಬಿಟ್ಟು ಯೋಚಿಸಿದಳು. ಮರುದಿನದಿಂದ ಗಂಡ ಒಂದು ಗುಳಿಗೆ ನುಂಗಿದ ಕೂಡಲೇ ಆ ಗುಳಿಗೆ ಕೂತಿದ್ದ ಕುಣಿಯಲ್ಲಿ ಒಂದು ಜೋಳದ ಕಾಳು ಒತ್ತಿ ಇಡತೊಡಗಿದಳು. ಹಾಳೆಯೂ ಬರಿದಾಗಲಿಲ್ಲ, ಕೋರ್ಸೂ ತಪ್ಪಲಿಲ್ಲ. ಲಕ್ಷ್ಮಿಗೂ ಡಾಕ್ಟರಿಗೂ ಒಟ್ಟಿಗೆ ಮರ್ಯಾದೆ ಕೊಟ್ಟ ಇಂಥ ಹೆಂಗಸನ್ನು ಯಾವ ಸರ್ಕಾರವೂ ಗುರುತಿಸಿಲ್ಲ.

ಜವಳದ ದಿನ ಬಂತು. ಕುರು ಇಳಿದಿತ್ತು, ಜ್ವರ ಬಿಟ್ಟಿತ್ತು, ಕೋರ್ಸು ಇನ್ನೂ ನಡೆದಿತ್ತು. ದಾರಿಯ ಭೀಮರಾಯನಗುಡಿ ದಾಟುವ ತನಕ ಬಸ್ಸು ಎಷ್ಟು ಹಂಪು ಹತ್ತಿತೋ ಅಷ್ಟು ಸಲ ಮರಿಲಿಂಗ ಸೀಟು ಬಿಟ್ಟು ಎದ್ದು, ನಿಂತೇ ಶಹಾಪುರ ತಲುಪಿದ. ಶಿವಲೀಲಾಳ ಮನೆಯ ಅಂಗಳದಲ್ಲಿ ಚಪ್ಪರ, ಚಪ್ಪರದ ಕೆಳಗೆ ಕಂಬಳಿ, ಕಂಬಳಿಯ ಮೇಲೆ ಆಗಲೇ ಮೌನೇಶ. ಹೊಸ ಧೋತರ ಉಟ್ಟು, ಬಲತೊಡೆಯನ್ನು ಹರಿವಾಣದಂತೆ ಹರಡಿಕೊಂಡು ಕೂತಿದ್ದ.

"ಅಣ್ಣ ಬಂದಿ? ಬಾ, ಹೊಟ್ಟಿ ತುಂಬ ಉಂಡು ಹೋಗು."

ಮರಿಲಿಂಗ ಚಪ್ಪರದ ನಡುವೆ ಬಂದು ನಿಂತು, ಬೀಗರ ಎದುರಿಗೆ, ಯಾರೂ ಕೇಳುವ ಮೊದಲೇ ಹೇಳಿದ.

"ಅತ್ತಿ, ಮುಚ್ಚಿಡೂದೇನೈತಿ? ನನ್ನ ಬಲತೊಡಿಗಿ ಕುರು ಆಗಿತ್ತು. ನನ್ನ ತಪ್ಪಿನಿಂದಾನೇ ದೊಡ್ಡದಾತು. ದವಾ ನಡದೈತಿ. ಆದ್ರ ಎಡತೊಡಿ ಕಬ್ಬಿಣ ಇದ್ದಂಗೈತಿ. ನನ್ನ ಅಳಿಯ ನನ್ನ ಎಡತೊಡಿ ಮ್ಯಾಲ ಕೂಡ್ತಾನ."

ಚಪ್ಪರದಲ್ಲಿ ಗದ್ದಲವೆದ್ದಿತು. ಎಡತೊಡೆ ಎಂಬ ಮಾತನ್ನು ಆ ಮನೆತನದಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ.

"ಎಡತೊಡ್ಯಾ? ಯವ್ವಾ!" ಎಂದು ಶಿವಲೀಲಾಳ ಅತ್ತೆ ಎದೆಗೆ ಕೈ ಇಟ್ಟುಕೊಂಡಳು. "ಬಲತೊಡಿ ಬೇಕು."

"ಬಲತೊಡಿ ಇಲ್ಲಿ ಐತ್ರಿ," ಎಂದು ಮೌನೇಶ ತಟ್ಟಿ ತೋರಿಸಿದ.

"ಹಿರಿಯಾಂವಂದು ಬೇಕು," ಎಂದ ಮರಿಲಿಂಗ. "ನೀವೇ ತೀರ್ಪು ಕೊಟ್ಟೀರಿ."

"ಹೌದಲ್ಲ, ಕೊಟ್ಟೀನಿ," ಎಂದು ಮುದುಕಿ ತನ್ನ ತೀರ್ಪಿನಲ್ಲಿ ತಾನೇ ಸಿಕ್ಕಿಕೊಂಡಳು.

ಒಬ್ಬೊಬ್ಬರೂ ಎದ್ದು ಒಂದೊಂದು ಶಾಸ್ತ್ರ ಹೇಳಿದರು. ಕ್ಷೌರದ ಕಾಕಾ ಮಸೆದು ಮಸೆದು ಕತ್ತಿ ಅರ್ಧ ಸವೆಯಿತು. ಕೂಸು ಅಷ್ಟರಲ್ಲಿ ಯಾರ ತೊಡೆಯೂ ಬೇಡವೆಂದು ಬಾಯಿ ಮಾಡಿ, ಹಿಡಿದವರನ್ನೆಲ್ಲ ಒದೆಯುತ್ತಿತ್ತು. ಕಡೆಗೆ ಶಿವಲೀಲಾ ಸೆರಗು ಸಿಕ್ಕಿಸಿಕೊಂಡು ನಡುವೆ ಬಂದಳು.

"ಸಾಕು ಮಾಡ್ರಿ ಇಬ್ಬರೂ! ಕೂಸಿನ ತಲಿಗಿಂತ ನಿಮ್ಮ ತೊಡಿದೇ ಜಾಸ್ತಿ ಆತು. ಸಣ್ಣಣ್ಣ, ಸರಿ ಆ ಕಡಿ. ದೊಡ್ಡಣ್ಣ, ಅವನ ಬಲಕ್ಕ ಕೂಡು. ಮಗ್ಗಲಿಗಿ ಮಗ್ಗಲ ಹಚ್ಚಿ ಕೂಡ್ರಿ. ಅವಂದು ಬಲತೊಡಿ, ನಿಂದು ಎಡತೊಡಿ. ಅತ್ತಿ, ಬಲತೊಡಿನೂ ಆತು, ಹಿರಿಯಾಂವನೂ ಆದ. ಇನ್ನ ಯಾರರ ಬಾಯಿ ಬಿಟ್ರ ನಾನೇ ಕತ್ತಿ ತಗೊಂಡು ಎಲ್ಲಾರ ಜವಳ ತೆಗಿತೀನಿ."

ಹೀಗೆ ಶಹಾಪುರದಲ್ಲಿ ಒಂದು ಕೂಸು ಎರಡು ತೊಡೆಗಳ ಮೇಲೆ, ಒಂದು ಕುಂಡಿ ಇಲ್ಲಿ ಒಂದು ಕುಂಡಿ ಅಲ್ಲಿ ಇಟ್ಟು, ರಾಜನಂತೆ ಕೂತಿತು. ಮರಿಲಿಂಗ ತನ್ನ ಕೈಯಿಂದ ಮೊದಲ ಕೂದಲು ಕತ್ತರಿಸಿದ. ಕ್ಷೌರದ ಕಾಕಾ ಉಳಿದದ್ದಕ್ಕೆ ಕತ್ತಿ ಹಾಕಿದ.

ಆಗ ಅಯ್ಯಮ್ಮ ಜನರನ್ನು ಸರಿಸಿಕೊಂಡು ಬಂದಳು. ಗಂಡನ ಗುಳಿಗೆಯ ಹೊತ್ತು ಆಗಿತ್ತು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಗುಳಿಗೆ. ಅದನ್ನು ಕಂಡ ಕೂಡಲೇ ಶಿವಲೀಲಾಳ ಅತ್ತೆ ಅಂಗೈ ಚಾಚಿದಳು.

"ರಂಗಂಪೇಟಿ ಗುಳಿಗಿ ಭಾಳ ಚಲೋ ಅಂತ. ಕೋಳೀನೂ ಎಬಿಸೈತಂತ. ನನಗ ಮೊಣಕಾಲು, ಒಂದು ಕೊಡವ್ವ."

"ನನಗ ಕೆಮ್ಮು."

"ನನಗ ಏನಿಲ್ಲ, ಮುಂದಕ್ಕಿರ್ಲಿ."

ಕ್ಷಣದಲ್ಲಿ ಕಂಬಳಿಯ ಸುತ್ತ ಅಂಗೈಗಳ ತೋಟವೇ ಎದ್ದಿತು. ಮನೆಗೆ ಬಂದವರಿಗೆ, ಕೇಳಿದವರಿಗೆ ಇಲ್ಲ ಎಂದು ಅಂದವನಲ್ಲ ಮರಿಲಿಂಗ. ಆದರೆ ಈ ಸಲ ಅವನು ಹೆಂಡತಿಯ ಕೈಯಿಂದ ಗುಳಿಗೆ ಕಸಿದು ಬಾಯಿಗೆ ಎಸೆದುಕೊಂಡು, ನೀರು ಕೂಡ ಕುಡಿಯದೆ ಗುಟುಕ್ಕನೆ ನುಂಗಿದ.

"ಇದು ಹಂಚೂ ಪದಾರ್ಥ ಅಲ್ರಿ. ಇದು ನನ್ನ ಕುರುವಿಂದು. ನಿಮಗ ಬೇಕಾದ್ರ ನಿಮ್ಮ ಬ್ಯಾನಿ ತಗೊಂಡು ಡಾಕ್ಟರ ಕಡಿ ಹೋಗ್ರಿ."

ಬೀಗರ ಮುಖ ಕಪ್ಪಿಟ್ಟಿತು. "ಒಂದು ಗುಳಿಗಿಗಿ ಇಷ್ಟು ಜೀವ ಹಿಡಿಯೂ ಮನಷ್ಯಾ," ಎಂದು ಮುದುಕಿ ಪಕ್ಕದವಳ ಕಿವಿಯಲ್ಲಿ, ಆದರೆ ಚಪ್ಪರಕ್ಕೆಲ್ಲ ಕೇಳುವಂತೆ ಹೇಳಿದಳು. "ಅಳಿಯಗ ಏನ್ ತಂದಾನೋ, ಮೊದಲ ಗಂಟು ಬಿಚ್ಚಿ ನೋಡ್ರೇ."

ಮರಿಲಿಂಗ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಎಡತೊಡೆ ಕಲ್ಲಿನಂತೆ ನಿಂತಿತ್ತು. ಆದರೆ ಪಕ್ಕದಲ್ಲಿ ಮೌನೇಶನ ಹಣೆಯ ಮೇಲೆ ಬೆವರು ಒಡೆದಿತ್ತು. ಅರ್ಧ ಚೀಲದ ಭಾರ ನಿಧಾನವಾಗಿ ಅವನ ಕಡೆಗೇ ವಾಲಿತ್ತು.

"ಅಣ್ಣ, ಜರಾ ಹಿಡಕೋ. ನಾ ಎದ್ದು ಕಾಲು ಝಾಡಿಸಿ ಬರ್ತೀನಿ."

"ಕೂಡೋ."

"ಜೋಮು ಹಿಡದೈತೋ. ಸಾಕಲ್ಲ, ಕೂದಲ ಕಮ್ಮಿ ಆಗೇತಿ."

"ಕಮ್ಮಿ ಆಗೇತಿ ಅಂತ ಏಳಾಕ ಬರಂಗಿಲ್ಲ."

"ಅಣ್ಣ, ನನ್ನ ಕಾಲು ಸತ್ತೈತಿ."

"ಸಾಯ್ಲಿ," ಎಂದ ಮರಿಲಿಂಗ, ತಮ್ಮನ ಹೊಸ ಧೋತರದ ಚುಂಗನ್ನು ತನ್ನ ಮೊಣಕಾಲ ಕೆಳಗೆ ಒತ್ತಿ ಹಿಡಿದು. "ಇನ್ನೂ ಅರ್ಧ ತಲಿ ಐತಿ."